ಮಿಷನ್ ನಿಲ್ಲಿಸಿ ಮಾಡುವ ಕೆಲಸ

ಮಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಮಾಡಿದವರಿಗೆ ಮರದ ಮಿಲ್ಲಿನ ಶಬ್ದ ಹೊಸತಲ್ಲ. ಬೆಳಗ್ಗೆ ಶುರುವಾದರೆ ಊಟದ ಹೊತ್ತಿನವರೆಗೂ ಒಂದೇ ಸಮನೆ ಕೇಳುವ ಆ ಗುಂಯ್‌ಗುಡುವಿಕೆಗೆ ಮನೆಯ ಹಿರಿಯರು ಕಿಟಕಿ ಮುಚ್ಚುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳು ಕಿವಿಗೆ ಬೆರಳಿಡುತ್ತಾರೆ. ಆದರೆ ಆಗೊಮ್ಮೆ ಈಗೊಮ್ಮೆ ಆ ಶಬ್ದ ಕೆಲಸದ ನಡುವೆಯೇ ನಿಂತು, ಒಂದು ಗಂಟೆ ಕಾಲ ಮಿಲ್ಲು ಮೌನವಾಗುವುದನ್ನು ಗಮನಿಸಿದವರು ಕಡಿಮೆ. ಕರೆಂಟು ಹೋಗಿರಬೇಕು ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಕರೆಂಟು ಹೋಗಿರುವುದಿಲ್ಲ. ಒಳಗೆ ಪ್ಲೇನರಿನ ಬ್ಲೇಡು ಬದಲಾಗುತ್ತಿರುತ್ತದೆ.

ಆ ಒಂದು ಗಂಟೆಗೆ ಯಾವ ಗಿರಾಕಿಯೂ ಹಣ ಕೊಡುವುದಿಲ್ಲ. ಮರ ಕೀಸಿಕೊಟ್ಟದ್ದಕ್ಕೆ ಅಡಿಯ ಲೆಕ್ಕದಲ್ಲಿ ದರ ಉಂಟು. ಬ್ಲೇಡು ಕೂರಿಸಿದ್ದಕ್ಕೆ ದರವಿಲ್ಲ. ಆದರೆ ಬಾಗಿಲು ನುಣುಪಾಗುವುದೂ, ಕೆಲಸಗಾರನ ಹತ್ತು ಬೆರಳು ಹತ್ತಾಗಿಯೇ ಉಳಿಯುವುದೂ ಬಹುಮಟ್ಟಿಗೆ ನಿರ್ಧಾರವಾಗುವುದು ಮಿಷನ್ ನಿಂತಿರುವ ಆ ಹೊತ್ತಿನಲ್ಲೇ.

ಪ್ಲೇನರ್ ಬರುವ ಮೊದಲು ಈ ಕೆಲಸವನ್ನು ಕೀಸುಳಿ ಮಾಡುತ್ತಿತ್ತು. ಘಟ್ಟದ ಮೇಲೆ ಇದನ್ನೇ ಹತ್ತರಿ ಎನ್ನುತ್ತಾರೆ. ಒಂದು ಮರದ ತುಂಡು, ಅದರ ನಡುವೆ ಓರೆಯಾಗಿ ಕೂರಿಸಿದ ಒಂದೇ ಅಲಗು, ಅದನ್ನು ಬಿಗಿಹಿಡಿಯಲು ಒಂದು ಬೆಣೆ. ಆಚಾರ್ರು ಕೀಸುಳಿಯನ್ನು ತಲೆಕೆಳಗಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ಅಡಿಯ ಉದ್ದಕ್ಕೂ ನೋಡುತ್ತಿದ್ದರು. ಅಲಗು ಎಷ್ಟು ಹೊರಗೆ ಇಣುಕಿದೆ, ಎಡಬಲ ಸಮವಾಗಿದೆಯೇ ಎಂದು ಬೆಳಕಿಗೆ ಹಿಡಿದು ತೀರ್ಮಾನಿಸಿ, ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು ಕೊಡುತ್ತಿದ್ದರು. ಆ ಪೆಟ್ಟಿನ ತೂಕ ಕಲಿಯಲು ವರ್ಷಗಳೇ ಬೇಕಾಗುತ್ತಿದ್ದವು.

ಮಂಗಳೂರಿಗೆ ಮರವನ್ನು ಮಟ್ಟ ಮಾಡುವ ಕೆಲಸ ಹೆಚ್ಚಾದದ್ದಕ್ಕೆ ಹಂಚು ಕೂಡ ಒಂದು ಕಾರಣ ಎನ್ನಬಹುದು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದರು. ಪ್ಲೆಬ್ಸ್ಟ್ ಎಂಬವರು ಅದಕ್ಕೆ ಕಾರಣಕರ್ತರು. ಹುಲ್ಲಿನ ಮಾಡಿಗೆ ಅಡಿಯ ಮರ ಸ್ವಲ್ಪ ಡೊಂಕಿದ್ದರೂ ನಡೆಯುತ್ತದೆ. ಹಂಚಿನ ಮಾಡಿಗೆ ನಡೆಯುವುದಿಲ್ಲ. ಒಂದು ಹಂಚು ಇನ್ನೊಂದರ ತುಟಿಗೆ ಸರಿಯಾಗಿ ಕೂರಬೇಕಾದರೆ ಪಕ್ಕಾಸುಗಳ ಬೆನ್ನು ಒಂದೇ ಮಟ್ಟದಲ್ಲಿರಬೇಕು, ರೀಪುಗಳ ದಪ್ಪ ಒಂದೇ ಆಗಿರಬೇಕು. ಇಲ್ಲವಾದರೆ ಆಷಾಢದ ಗಾಳಿಮಳೆಯಲ್ಲಿ ನೀರು ಒಳಗೆ ಬರುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಮಟ್ಟ ಎಂಬುದು ಬರೀ ಅಂದದ ಮಾತಾಗಿರಲಿಲ್ಲ.

ಯಂತ್ರದ ಕಥೆ ಬೇರೆ ಕಡೆ ಶುರುವಾಗುತ್ತದೆ. ಮರ ಕೀಸುವ ಯಂತ್ರಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1791ರಲ್ಲಿ ಪೇಟೆಂಟ್ ಪಡೆದ. 1802ರಲ್ಲಿ ಜೋಸೆಫ್ ಬ್ರಾಮಾ ಇನ್ನೊಂದು ಬಗೆಯದನ್ನು ಮಾಡಿದ. 1828ರಲ್ಲಿ ಅಮೆರಿಕದ ವಿಲಿಯಂ ವುಡ್‌ವರ್ತ್ ಪೇಟೆಂಟ್ ಪಡೆದ ಯಂತ್ರದಲ್ಲಿ ತಿರುಗುವ ಉರುಳೆಗೆ ಬ್ಲೇಡುಗಳನ್ನು ಬಿಗಿದಿತ್ತು. ಇಂದು ನಮ್ಮ ಮಿಲ್ಲುಗಳಲ್ಲಿರುವ ಪ್ಲೇನರಿನ ಮೂಲ ಕಲ್ಪನೆ ಅದೇ. ಒಂದು ಕಾಲದಲ್ಲಿ ಈ ಉರುಳೆ ಉರುಳೆಯಾಗಿರದೆ ಚೌಕವಾಗಿರುತ್ತಿತ್ತು. ಚೌಕದ ಮೂಲೆಗೂ ಟೇಬಲಿಗೂ ನಡುವೆ ಬೆರಳು ಹೋಗುವಷ್ಟು ಸಂದು ಉಳಿಯುತ್ತಿದ್ದುದರಿಂದ ಎಷ್ಟೋ ಕೆಲಸಗಾರರು ಬೆರಳು ಕಳೆದುಕೊಂಡರು. ಅದನ್ನು ದುಂಡಗೆ ಮಾಡಿದ ಮೇಲೆ ಅಪಾಯ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಈಗ ಸ್ವಲ್ಪ ಲೆಕ್ಕ. ಉರುಳೆಯಲ್ಲಿ ಮೂರು ಬ್ಲೇಡುಗಳಿವೆ, ಅದು ನಿಮಿಷಕ್ಕೆ 5,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಮರಕ್ಕೆ ನಿಮಿಷಕ್ಕೆ 15,000 ಪೆಟ್ಟು. ಕೆಲಸಗಾರ ಮರವನ್ನು ನಿಮಿಷಕ್ಕೆ 5 ಮೀಟರಿನಂತೆ ದೂಡಿದರೆ ಒಂದೊಂದು ಪೆಟ್ಟಿನ ನಡುವಿನ ಅಂತರ ಮಿಲಿಮೀಟರಿನ ಮೂರನೇ ಒಂದು ಭಾಗ. ಕಣ್ಣಿಗೆ ಅದು ಕಾಣುವುದಿಲ್ಲ. ಕೈಗೆ ನುಣುಪು ಎಂದೇ ಅನ್ನಿಸುತ್ತದೆ. ಆದರೆ ಮೂರರಲ್ಲಿ ಒಂದು ಬ್ಲೇಡು ಮಾತ್ರ ಉಳಿದೆರಡಕ್ಕಿಂತ ಸ್ವಲ್ಪ ಮೇಲೆ ನಿಂತಿದೆ ಎನ್ನಿ. ಆಗ ಕೊನೆಯ ಗುರುತು ಬಿಡುವ ಕೆಲಸವೆಲ್ಲ ಅದೊಂದರದೇ. ಪೆಟ್ಟು 15,000ದಿಂದ 5,000ಕ್ಕೆ ಇಳಿಯುತ್ತದೆ. ಅಂತರ ಪೂರ್ತಿ ಒಂದು ಮಿಲಿಮೀಟರಿಗೆ ಏರುತ್ತದೆ. ಪಾಲಿಶ್ ಹಾಕಿದ ಮೇಲೆ ಬಾಗಿಲನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮರಳಿನ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂತೆ ಸಾಲು ಸಾಲು ಕಾಣುತ್ತದೆ. ಮೂರು ಬ್ಲೇಡಿಗೆ ಹಣ ಕೊಟ್ಟು ಒಂದು ಬ್ಲೇಡಿನ ಕೆಲಸ ತೆಗೆದುಕೊಂಡಂತೆ.

ಬ್ಲೇಡು ಮೊಂಡಾದದ್ದನ್ನು ಮೊದಲು ಹೇಳುವುದು ಕಿವಿ. ಶಬ್ದ ದಪ್ಪವಾಗುತ್ತದೆ, ಮಿಷನ್ ನರಳಿದಂತೆ ಕೇಳುತ್ತದೆ. ಆಮೇಲೆ ತೋಳು ಹೇಳುತ್ತದೆ: ಮರವನ್ನು ದೂಡಲು ಹೆಚ್ಚು ಬಲ ಬೇಕಾಗುತ್ತದೆ. ಕೊನೆಗೆ ಮರವೇ ಹೇಳುತ್ತದೆ: ಎಳೆಗಳು ಕತ್ತರಿಸುವ ಬದಲು ಕಿತ್ತುಬಂದು ರೋಮ ಎದ್ದಂತೆ ಕಾಣುತ್ತದೆ, ಕೆಲವೆಡೆ ಉಜ್ಜಿ ಉಜ್ಜಿ ಕಂದುಬಣ್ಣದ ಸುಟ್ಟ ಕಲೆ ಬೀಳುತ್ತದೆ. ತೇಗ ಕೀಸಲು ಮೆದುವೆನಿಸಿದರೂ ಅದರೊಳಗೆ ಸಿಲಿಕಾ ಇರುವುದರಿಂದ ಅಲಗನ್ನು ಬೇಗ ತಿನ್ನುತ್ತದೆ. ಕಿರಾಲುಭೋಗಿ ತನ್ನ ಗಟ್ಟಿತನದಿಂದಲೇ ತಿನ್ನುತ್ತದೆ. ಹಲಸಿನ ಹಸಿಮರವಾದರೆ ಮೇಣ ಅಂಟಿ ಉರುಳೆಯ ಸಂದುಗಳನ್ನೆಲ್ಲ ತುಂಬುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಮೊಳೆ. ಮಂಗಳೂರಿನಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಬಿದ್ದು ಫ್ಲ್ಯಾಟುಗಳು ಎದ್ದಂತೆ ಹಳೆಯ ಪಕ್ಕಾಸು, ತೊಲೆ, ಬಾಗಿಲುಗಳು ಮಾರಾಟಕ್ಕೆ ಬರುತ್ತವೆ. ತಲೆಮಾರುಗಳ ಕಾಲ ಒಣಗಿದ ಆ ಮರಕ್ಕೆ ಸರಿಸಾಟಿ ಹೊಸ ಮರ ಸಿಗುವುದಿಲ್ಲವೆಂದು ಕೊಳ್ಳುವವರೂ ಇದ್ದಾರೆ. ಆದರೆ ಪ್ರತಿ ಪಕ್ಕಾಸಿನ ಬೆನ್ನಿನಲ್ಲಿ ರೀಪಿಗೆ ಹೊಡೆದ ಮೊಳೆಗಳ ಸಾಲು ಇರುತ್ತದೆ. ತಲೆ ಮುರಿದು ಒಳಗೇ ತುಕ್ಕು ಹಿಡಿದು ಕುಳಿತದ್ದು ಕಣ್ಣಿಗೆ ಕಾಣುವುದಿಲ್ಲ. ಅನುಭವಸ್ಥರು ತುಕ್ಕಿನ ಕಪ್ಪು ಕಲೆ ಹುಡುಕುತ್ತಾರೆ, ಅಯಸ್ಕಾಂತ ಓಡಿಸುತ್ತಾರೆ. ಆದರೂ ಒಂದು ತಪ್ಪಿದರೆ ಸಾಕು, ಬ್ಲೇಡಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬೀಳುತ್ತದೆ. ಆಮೇಲೆ ಕೀಸಿದ ಪ್ರತಿ ಹಲಗೆಯ ಮೇಲೂ ಆ ಕಚ್ಚಿನ ಜಾಗದಲ್ಲಿ ದಾರ ಅಂಟಿಸಿದಂತೆ ಒಂದು ಉಬ್ಬುಗೆರೆ.

ಇದಕ್ಕೆ ಕೆಲಸಗಾರರಲ್ಲಿ ಒಂದು ಉಪಾಯ ಉಂಟು. ಮೊಳೆಯ ಮೇಲೆ ಮೂರೂ ಬ್ಲೇಡು ಹಾದಿದ್ದರೆ ಕಚ್ಚು ಮೂರರಲ್ಲೂ ಒಂದೇ ನೇರದಲ್ಲಿರುತ್ತದೆ. ಒಂದು ಬ್ಲೇಡನ್ನು ಸಡಿಲಿಸಿ ಪಕ್ಕಕ್ಕೆ ಒಂದು ಮಿಲಿಮೀಟರ್ ಸರಿಸಿ ಮತ್ತೆ ಬಿಗಿದರೆ, ಉಳಿದೆರಡು ಬಿಟ್ಟ ಗೆರೆಯನ್ನು ಇದು ಅಳಿಸುತ್ತದೆ. ಬ್ಲೇಡನ್ನು ಸಾಣೆಗೆ ಕಳಿಸುವಷ್ಟು ಬಿಡುವಿಲ್ಲದ ದಿನ ಇದರಿಂದ ಕೆಲಸ ಸಾಗುತ್ತದೆ. ಆದರೆ ಇದಕ್ಕೂ ಮಿಷನ್ ನಿಲ್ಲಿಸಲೇಬೇಕು, ಬೋಲ್ಟು ಬಿಚ್ಚಲೇಬೇಕು, ಮಟ್ಟ ಮತ್ತೆ ನೋಡಲೇಬೇಕು. ಅಡ್ಡದಾರಿ ಎಂಬುದು ಅಷ್ಟೇನೂ ಹತ್ತಿರದ ದಾರಿಯಲ್ಲ.

ಬೇಸಿಗೆ ರಜೆಯ ಒಂದು ದಿನ ನಗರದ ಇಂಥದೊಂದು ಸಣ್ಣ ಮಿಲ್ಲಿನಲ್ಲಿ ಬ್ಲೇಡು ಬದಲಾಗುತ್ತಿತ್ತು. ಮಿಲ್ಲಿನ ಯಜಮಾನನ ಜೊತೆ ಅವನ ಅಕ್ಕನ ಮಗ. ಎರಡನೇ ಪಿಯುಸಿ ವಿಜ್ಞಾನ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗ. ಮನೆಯಲ್ಲಿ ಕೂತು ಬೇಸರವಾಗಿ ಮಾವನ ಹತ್ತಿರ ಬಂದವನು ಹದಿನೈದು ದಿನದಿಂದ ಬರುತ್ತಲೇ ಇದ್ದ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ತಂದೆಗೆ ಇದು ಸರಿಬಂದಿರಲಿಲ್ಲ. “ಮರದ ಹುಡಿ ತಿನ್ಲಿಕ್ಕಾ ಇಷ್ಟು ಓದಿಸಿದ್ದು?” ಎಂದು ಮನೆಯಲ್ಲಿ ಕೇಳಿದ್ದೂ ಆಗಿತ್ತು. ಹುಡುಗನಿಗೆ ಅಲ್ಲಿಯವರೆಗೆ ದೊರೆತಿದ್ದ ಕೆಲಸ ಹುಡಿ ಗುಡಿಸುವುದು, ಹಲಗೆ ಜೋಡಿಸುವುದು. ನಿಂತ ಮಿಷನ್ನಿಗೆ ಕೈ ಹಾಕಲು ಮಾವ ಬಿಟ್ಟದ್ದು ಅಂದೇ ಮೊದಲು. ಓಡುವ ಮಿಷನ್ನಿಗಂತೂ ಬಿಟ್ಟಿರಲಿಲ್ಲ.

ಮಾವ ಮೊದಲು ಮಾಡಿದ್ದು ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡದ್ದು.

“ಸ್ವಿಚ್ ಇಳಿಸಿದ್ರೆ ಸಾಕಾಗುದಿಲ್ವಾ ಮಾವ?”

“ನಾವಿಬ್ರೂ ಬಗ್ಗಿರುವಾಗ ಯಾರೋ ಬಂದು ಲೈಟ್ ಅಂತ ಹಾಕಿದ್ರೆ? ಫ್ಯೂಸು ನನ್ನ ಕಿಸೆಯಲ್ಲಿದ್ರೆ ಜೀವ ನನ್ನ ಕಿಸೆಯಲ್ಲುಂಟು.”

ಆಮೇಲೆ ಉರುಳೆ ಅಲ್ಲಾಡದಂತೆ ಮರದ ಬೆಣೆ ಇಟ್ಟರು. ಹಳೆಯ ಬ್ಲೇಡಿನ ಅಂಚಿಗೆ ಒಂದು ರಟ್ಟು ಮುಚ್ಚಿದರು. ಸ್ಪ್ಯಾನರ್ ಜಾರಿದರೆ ಮುಷ್ಟಿ ನೇರ ಹೋಗಿ ಬೀಳುವುದು ಅಂಚಿನ ಮೇಲೆಯೇ. ನಿಂತ ಬ್ಲೇಡು ಕೂಡ ಎಲುಬಿನವರೆಗೆ ಕೊಯ್ಯಬಲ್ಲದು. ಹನ್ನೆರಡು ಅಂಗುಲದ ಒಂದೊಂದು ಬ್ಲೇಡಿಗೂ ಐದು ಬೋಲ್ಟು, ಒಟ್ಟು ಹದಿನೈದು. ಬ್ಲೇಡನ್ನು ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿಗಳನ್ನು ಹೊರತೆಗೆದು, ಸಂದಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಮೇಣವನ್ನೂ ಹುಡಿಯನ್ನೂ ಚಿಮಿಣಿಎಣ್ಣೆ ಹಾಕಿ ಬ್ರಶ್ಶಿನಿಂದ ತಿಕ್ಕುವುದು ಹುಡುಗನ ಪಾಲಿಗೆ ಬಂತು. ಕಾಲು ಗಂಟೆ ತಿಕ್ಕಿ “ಆಯ್ತು” ಎಂದ. ಮಾವ ಬೆರಳಾಡಿಸಿ ನೋಡಿ, “ಇಲ್ಲಿ ಒಂದು ಕಾಳಿನಷ್ಟು ಉಳಿದಿದೆ. ಅದರ ಮೇಲೆ ಬ್ಲೇಡು ಕೂತ್ರೆ ಈ ಮೂಲೆ ಏಳ್ತದೆ” ಎಂದ. ಇನ್ನೂ ಐದು ನಿಮಿಷ ತಿಕ್ಕಿದ್ದಾಯಿತು.

ಮೊಂಡಾದದ್ದು ಒಂದೇ ಬ್ಲೇಡಾದರೂ ಬದಲಾಗುವುದು ಮೂರೂ. ಹಾಗೇಕೆಂದು ಹುಡುಗ ಕೇಳಿದಾಗ ಮಾವ ಲೆಕ್ಕ ಹೇಳಲಿಲ್ಲ, “ಒಂದು ಚಕ್ರಕ್ಕೆ ಒಂದು ಕಡೆ ಭಾರ ಆದ್ರೆ ಎಂತ ಆಗ್ತದೆ?” ಎಂದು ಕೇಳಿದ. ಸಾಣೆ ಹಿಡಿದಷ್ಟೂ ಬ್ಲೇಡಿನ ಅಗಲ ಸವೆದು ತೂಕ ಇಳಿಯುತ್ತದೆ. ತೂಕ ಹೆಚ್ಚುಕಡಿಮೆಯಾದ ಬ್ಲೇಡುಗಳನ್ನು ಒಂದೇ ಉರುಳೆಗೆ ಬಿಗಿದರೆ ಮಿಷನ್ ನಡುಗುತ್ತದೆ, ಬೇರಿಂಗ್ ಹಾಳಾಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಅದಕ್ಕೇ ಮೂರನ್ನೂ ಒಟ್ಟಿಗೆ ಸಾಣೆಗೆ ಕಳಿಸಿ, ಒಟ್ಟಿಗೆ ತಂದು, ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದರೆದುರು ಒಂದಿಟ್ಟು ನೋಡುವ ಪದ್ಧತಿ.

ಪಿಯುಸಿ ಭೌತಶಾಸ್ತ್ರ ಓದಿದವರು ಇಲ್ಲಿ ಒಂದು ಲೆಕ್ಕ ಮಾಡಿ ನೋಡಬಹುದು. 300 ಮಿ.ಮೀ. ಉದ್ದ, 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಉಕ್ಕಿನ ಬ್ಲೇಡಿನ ತೂಕ ಸುಮಾರು 210 ಗ್ರಾಂ. 100 ಮಿ.ಮೀ. ವ್ಯಾಸದ ಉರುಳೆ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಬ್ಲೇಡಿನ ಅಂಚು ಗಂಟೆಗೆ 94 ಕಿ.ಮೀ. ವೇಗದಲ್ಲಿರುತ್ತದೆ. ಆಗ ಆ 210 ಗ್ರಾಂ ಬ್ಲೇಡು ಹೊರಕ್ಕೆ ಚಿಮ್ಮಲು ಎಳೆಯುವ ಬಲ 250 ಕೆ.ಜಿ. ತೂಕ ನೇತುಹಾಕಿದ್ದಕ್ಕೆ ಸಮ. ಐದು ಮೂಟೆ ಅಕ್ಕಿ ಐದು ಬೋಲ್ಟುಗಳಿಗೆ ಜೋತುಬಿದ್ದಂತೆ. ಪಠ್ಯಪುಸ್ತಕದಲ್ಲಿ ಎರಡು ಅಂಕದ ಸೂತ್ರವಾಗಿ ಬರುವ ವಿಷಯ, ಮಿಲ್ಲಿನಲ್ಲಿ ಒಬ್ಬನ ಎದೆಯ ನೇರಕ್ಕೆ ತಿರುಗುತ್ತಿರುತ್ತದೆ.

ಮಟ್ಟ ನೋಡುವ ಕ್ರಮ ಇನ್ನೂ ಸ್ವಾರಸ್ಯದ್ದು. ಪ್ಲೇನರಿಗೆ ಎರಡು ಟೇಬಲು: ಮರ ಒಳಹೋಗುವ ಕಡೆ ಒಂದು, ಹೊರಬರುವ ಕಡೆ ಇನ್ನೊಂದು. ಒಳಹೋಗುವ ಕಡೆಯದು ಎಷ್ಟು ಕೀಸಬೇಕೋ ಅಷ್ಟು ತಗ್ಗಿನಲ್ಲಿರುತ್ತದೆ. ಹೊರಬರುವ ಕಡೆಯದು ಬ್ಲೇಡಿನ ತುದಿಗೆ ಸರಿಸಮವಾಗಿರಬೇಕು. ಬ್ಲೇಡು ಅದಕ್ಕಿಂತ ಹೆಚ್ಚು ಮೇಲಿದ್ದರೆ ಹಲಗೆಯ ಕೊನೆ ದೊಪ್ಪನೆ ತಗ್ಗಿ ಅಲ್ಲೊಂದು ಗುಂಡಿ ಬೀಳುತ್ತದೆ. ಕೆಳಗಿದ್ದರೆ ಹಲಗೆಯ ತುದಿ ಟೇಬಲಿನ ಅಂಚಿಗೆ ಬಡಿದು ನಿಲ್ಲುತ್ತದೆ. ಸರಿಸಮ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ.

ಮಾವ ಅದಕ್ಕೆ ತಂದದ್ದು ಒಂದು ನೇರವಾದ ಮರದ ಕೋಲು. ಅದನ್ನು ಹೊರಬರುವ ಕಡೆಯ ಟೇಬಲಿನ ಮೇಲೆ, ಉರುಳೆಯ ಮೇಲಕ್ಕೂ ಚಾಚುವಂತೆ ಇಟ್ಟ. ಟೇಬಲಿನ ಅಂಚಿಗೆ ನೇರವಾಗಿ ಕೋಲಿನ ಮೇಲೊಂದು ಪೆನ್ಸಿಲ್ ಗೆರೆ ಎಳೆದ. ಬೆಣೆ ತೆಗೆದು, ಬೆಲ್ಟು ಹಿಡಿದು, ಉರುಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದ. ಬ್ಲೇಡು ಮೇಲೆ ಬಂದು ಕೋಲನ್ನು ಸೋಕಿ, ಒಂದಿಷ್ಟು ಹೊತ್ತು ಮುಂದಕ್ಕೆ ಕೊಂಡೊಯ್ದು ಬಿಟ್ಟಿತು. ಟೇಬಲಿನ ಅಂಚಿಗೆ ಮತ್ತೊಂದು ಗೆರೆ. ಎರಡು ಗೆರೆಗಳ ನಡುವೆ ಮೂರು ಮಿಲಿಮೀಟರ್.

“ಮೂರೂ ಬ್ಲೇಡು, ಎಡತುದಿಯಲ್ಲೂ ಬಲತುದಿಯಲ್ಲೂ, ಕೋಲನ್ನು ಇಷ್ಟೇ ಎಳೀಬೇಕು. ಹೆಚ್ಚಿಲ್ಲ, ಕಮ್ಮಿಯಿಲ್ಲ” ಎಂದ.

ಎರಡನೇ ಬ್ಲೇಡು ಐದು ಮಿಲಿಮೀಟರ್ ಎಳೆಯಿತು. “ಎರಡು ಮಿಲಿಮೀಟರ್ ಎತ್ತರ ಆಯ್ತಾ?” ಎಂದು ಹುಡುಗ ಕೇಳಿದ. ಮಾವ ನಕ್ಕ. ಎರಡು ಮಿಲಿಮೀಟರ್ ಎತ್ತರವಾಗಿದ್ದರೆ ಕೋಲು ಎಲ್ಲಿಗೋ ಹೋಗುತ್ತಿತ್ತು.

ಇದೂ ಹೈಸ್ಕೂಲಿನ ರೇಖಾಗಣಿತವೇ. ಬ್ಲೇಡಿನ ತುದಿ ಬಿಡಿಸುವುದು ವೃತ್ತ. ಕೋಲಿನ ಅಡಿ ಆ ವೃತ್ತವನ್ನು ಸ್ವಲ್ಪವೇ ಕತ್ತರಿಸುವ ಜ್ಯಾ. ಕೋಲು ಜರುಗಿದ ದೂರವೇ ಆ ಜ್ಯಾದ ಉದ್ದ. ಕೇಂದ್ರದಿಂದ ಎಳೆದ ಲಂಬ ಜ್ಯಾವನ್ನು ಸಮಭಾಗ ಮಾಡುತ್ತದೆ ಎಂಬ ಪ್ರಮೇಯ, ಅದರ ಜೊತೆಗೆ ಪೈಥಾಗೊರಸ್ ಸೇರಿಸಿ ಲೆಕ್ಕ ಹಾಕಿದರೆ, ತ್ರಿಜ್ಯ 50 ಮಿ.ಮೀ. ಇರುವಾಗ 3 ಮಿ.ಮೀ. ಎಳೆತ ಎಂದರೆ ಬ್ಲೇಡು ಟೇಬಲಿಗಿಂತ 0.02 ಮಿ.ಮೀ. ಮೇಲಿದೆ ಎಂದು ಅರ್ಥ. 5 ಮಿ.ಮೀ. ಎಳೆದರೆ 0.06 ಮಿ.ಮೀ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 0.07 ಮಿ.ಮೀ. ಅಂದರೆ ಕೂದಲಿಗಿಂತ ಸಣ್ಣ ವ್ಯತ್ಯಾಸವನ್ನು ಅಡಿಪಟ್ಟಿಯಲ್ಲಿ ಓದುವಷ್ಟು ದೊಡ್ಡದು ಮಾಡಿ ತೋರಿಸುವ ಸಾಧನ ಆ ಕೋಲು. ಅದಕ್ಕೆ ಖರ್ಚು ಏನೂ ಇಲ್ಲ. ಮಾವನಿಗೆ ಪೈಥಾಗೊರಸ್ ನೆನಪಿರಲಿಕ್ಕಿಲ್ಲ. ಹುಡುಗನಿಗೆ ನೆನಪಿತ್ತು, ಆದರೆ ಅದು ಇಂಥಲ್ಲಿ ಸಿಗುತ್ತದೆಂದು ಯಾರೂ ಹೇಳಿರಲಿಲ್ಲ. ಹಲಗೆಯ ತುಂಡೊಂದರ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿ ಅವನು ಮಾವನಿಗೆ ತೋರಿಸಿದ. ಮಾವ ಅದನ್ನು ಬಹಳ ಹೊತ್ತು ನೋಡಿ, ಒಲೆಗೆ ಹಾಕುವ ರಾಶಿಗೆ ಎಸೆಯದೆ ಗೋಡೆಗೆ ಒರಗಿಸಿಟ್ಟ.

ಇನ್ನು ಬಿಗಿಯುವ ಕೆಲಸ. ಒಂದು ಬೋಲ್ಟನ್ನು ಒಮ್ಮೆಗೇ ಪೂರ್ತಿ ಬಿಗಿದರೆ ಬ್ಲೇಡು ಬಾಗುತ್ತದೆ, ಇಲ್ಲವೇ ಒಂದು ತುದಿ ಮೇಲೇಳುತ್ತದೆ. ಮೊದಲು ಎಲ್ಲವನ್ನೂ ಸ್ವಲ್ಪ ಸ್ವಲ್ಪ, ನಡುವಿನಿಂದ ಎರಡು ಬದಿಗೆ, ಆಮೇಲೆ ಇನ್ನೊಂದು ಸುತ್ತು, ಕೊನೆಗೆ ಪೂರ್ತಿ. ಪ್ರತಿ ಸುತ್ತಿನ ನಂತರ ಕೋಲಿಟ್ಟು ಮಟ್ಟ ನೋಡಬೇಕು, ಏಕೆಂದರೆ ಬಿಗಿಯುವಾಗಲೇ ಮಟ್ಟ ತಪ್ಪುವುದುಂಟು. ಕೊನೆಯ ಸುತ್ತನ್ನು ಹುಡುಗನಿಗೆ ಬಿಟ್ಟು ಮಾವ ಹೊಸ್ತಿಲಿನಲ್ಲಿ ನಿಂತಿದ್ದ ಗಿರಾಕಿಯನ್ನು ಸಮಾಧಾನ ಮಾಡಲು ಹೋದ. ಗಿರಾಕಿಗೆ ಮನೆ ಒಕ್ಕಲು ಹತ್ತಿರ ಬಂದಿತ್ತು. ಬಾಗಿಲು ಅಂದೇ ಬೇಕಿತ್ತು.

ಅದೇ ಹೊತ್ತಿಗೆ ಗೇಟಿನಲ್ಲಿ ಸ್ಕೂಟರ್ ನಿಂತಿತು. ತಂದೆ. ಸಂಜೆಯ ಕೋಚಿಂಗ್ ಕ್ಲಾಸಿಗೆ ಮಗನನ್ನು ಕರೆದೊಯ್ಯಲು ಬಂದಿದ್ದರು. “ಬಾ ಬಾ, ತಡ ಆಯ್ತು” ಎಂದು ಅಲ್ಲಿಂದಲೇ ಕೂಗಿದರು. ಹುಡುಗ ಸ್ಪ್ಯಾನರ್ ಅಲ್ಲೇ ಇಟ್ಟು ಓಡಿಹೋಗಿ, “ಎರಡೇ ನಿಮಿಷ ಅಪ್ಪ, ಮುಗೀತು” ಎಂದು ಹೇಳಿ ಓಡಿಬಂದ. ಉಳಿದ ಎರಡು ಬೋಲ್ಟು ಬಿಗಿದ. “ಆಯ್ತು ಮಾವ, ಫ್ಯೂಸು ಹಾಕಿ” ಎಂದ.

ಮಾವ ಕಿಸೆಗೆ ಕೈ ಹಾಕಲಿಲ್ಲ. “ಒಂದರಿಂದ ಎಣಿಸು. ಪ್ರತಿಯೊಂದಕ್ಕೂ ಸ್ಪ್ಯಾನರ್ ಹಾಕಿ ಎಣಿಸು. ಬಾಯಿಬಿಟ್ಟು.”

“ಈಗಷ್ಟೇ ಬಿಗಿದದ್ದು ಮಾವ.”

“ನೀನು ನಡುವಲ್ಲಿ ಎದ್ದು ಹೋದೆ ಅಲ್ವಾ? ಎದ್ದು ಹೋದ್ರೆ ಮೊದಲಿನಿಂದ.”

ತಂದೆಯೂ ಒಳಗೆ ಬಂದು ನಿಂತಿದ್ದರು. “ಎಷ್ಟು ಹೊತ್ತು ಭಾವ?” ಎಂದು ಕೇಳಿ ಗಡಿಯಾರ ನೋಡಿಕೊಂಡರು. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಎಣಿಸತೊಡಗಿದ. ಒಂದು, ಎರಡು, ಮೂರು… ಹನ್ನೆರಡರವರೆಗೆ ಸ್ಪ್ಯಾನರ್ ಅಲ್ಲಾಡಲಿಲ್ಲ. ಹದಿಮೂರನೆಯದಕ್ಕೆ ಹಾಕಿದಾಗ ಅದು ತಡೆಯಿಲ್ಲದೆ ಅರ್ಧ ಸುತ್ತು ತಿರುಗಿತು. ಅಪ್ಪ ಕರೆದಾಗ ಕೈಯಲ್ಲಿದ್ದ ಬೋಲ್ಟು ಅದು. ವಾಪಸು ಬಂದವನು ಅದು ಆಗಿದೆಯೆಂದು ನಂಬಿ ಹದಿನಾಲ್ಕಕ್ಕೆ ಹೋಗಿದ್ದ.

ಯಾರೂ ಮಾತಾಡಲಿಲ್ಲ. ಹುಡುಗ ಅದನ್ನು ಬಿಗಿದು, ಹದಿನೈದರವರೆಗೆ ಎಣಿಸಿ, ಕೇಳದೆಯೇ ಕೋಲಿಟ್ಟು ಆ ಬ್ಲೇಡಿನ ಮಟ್ಟ ನೋಡಿದ. ಮತ್ತೆ ಒಂದರಿಂದ ಶುರುಮಾಡಿದ. ತಂದೆ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಎಣಿಸಿದ ನೋಟಿನ ಕಟ್ಟನ್ನು ಇನ್ನೊಮ್ಮೆ ಎಣಿಸುವುದನ್ನು ನೋಡುತ್ತಾ ಬಂದವರಿಗೆ ಅಲ್ಲಿ ನಡೆದದ್ದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೋಟು ಕಡಿಮೆ ಬಂದರೆ ಸಂಬಳದಿಂದ ತುಂಬಬಹುದು. ಇಲ್ಲಿ ಅಂಥ ಅವಕಾಶವಿಲ್ಲ. ಆ ಹೊತ್ತಿನ ಆತುರ ಯಾರದೆಂಬುದೂ ಅವರಿಗೆ ತಿಳಿದಿತ್ತು. “ಕ್ಲಾಸಿಗೆ ನಾಳೆ ಹೋದ್ರೂ ಆಗ್ತದೆ” ಎಂದಷ್ಟೇ ಹೇಳಿದರು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯಲ್ಲಿ ಮಟ್ಟ ಎಂದರೆ ಕಡಿಮೆ. ಬಡಗಿಯ ಮಾತಿನಲ್ಲಿ ಮಟ್ಟ ಎಂದರೆ ಸಮ. ರಸಮಟ್ಟ, ಮೂಲೆಮಟ್ಟ ಎಂಬ ಉಪಕರಣಗಳ ಹೆಸರಿನಲ್ಲಿ ಇರುವುದು ಆ ಅರ್ಥವೇ. ಆತುರ ಬಂದಾಗ ಒಂದು ಮಟ್ಟ ಹೋಗಿ ಇನ್ನೊಂದು ಮಟ್ಟ ಬರುತ್ತದೆ ಎಂದು ಬೇಕಾದರೆ ಹೇಳಬಹುದು.

ಕಾನೂನು ಈ ವಿಷಯದಲ್ಲಿ ಸುಮ್ಮನಿರಲಿಲ್ಲ. 1948ರಲ್ಲಿ ಬಂದ ಕಾರ್ಖಾನೆ ಕಾಯಿದೆ ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಬೇಕೆಂದು ಹೇಳಿತು. ಅಪಾಯದ ಯಂತ್ರದ ಬಳಿ ಎಳೆಯರನ್ನು ನಿಲ್ಲಿಸುವ ಮೊದಲು ಅದರ ಅಪಾಯಗಳನ್ನು ಪೂರ್ತಿ ತಿಳಿಸಿ ತರಬೇತಿ ಕೊಡಬೇಕೆಂದೂ ಹೇಳಿತು. ಆದರೆ ವಿದ್ಯುತ್ತಿನಿಂದ ನಡೆಯುವ ಕಡೆ ಅದು ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದ ಜಾಗಗಳ ಕಾಯಿದೆಯಾಗಿತ್ತು. ಯಜಮಾನ, ಇಬ್ಬರು ಕೆಲಸದವರು, ಒಬ್ಬ ಹುಡುಗ ಇರುವ ಮಿಲ್ಲಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಅಲ್ಲಿ ಕಾಯಿದೆ ಎಂದರೆ ಹಿರಿಯರ ಅಭ್ಯಾಸವೇ. ಕಿಸೆಗೆ ಹಾಕಿದ ಫ್ಯೂಸು, ಬಾಯಿಬಿಟ್ಟು ಎಣಿಸುವ ಎಣಿಕೆ, ಬ್ಲೇಡಿನ ಮೇಲಿನ ಮುಚ್ಚಳವನ್ನು ಅಡ್ಡಬರುತ್ತದೆಂದು ಕಿತ್ತೆಸೆಯದ ಬುದ್ಧಿ, ಸಣ್ಣ ತುಂಡನ್ನು ಕೈಯಿಂದ ದೂಡದೆ ದೂಡುಕೋಲಿನಿಂದ ದೂಡುವ ಪಾಠ. ಮಗನನ್ನೋ ಮಗಳನ್ನೋ ಕೆಲಸ ಕಲಿಯಲು ಎಲ್ಲಿಗಾದರೂ ಕಳಿಸುವ ತಂದೆತಾಯಿಯರು ಸಂಬಳ ಎಷ್ಟೆಂದು ಕೇಳುವ ಮೊದಲು ಇವು ಇವೆಯೇ ಎಂದು ನೋಡಬೇಕು. ಬ್ಲೇಡು ಬದಲಿಸುವಾಗ ಏನು ಮಾಡುತ್ತೀರಿ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಜಾಗದ ಗುಣವೆಲ್ಲ ತಿಳಿದುಬಿಡುತ್ತದೆ.

ಮಂಗಳೂರಿಗೆ ಕೈಕೆಲಸದ ಶಿಕ್ಷಣ ಹೊಸತೇನೂ ಅಲ್ಲ. ಕರ್ನಾಟಕ ಪಾಲಿಟೆಕ್ನಿಕ್ ಇಲ್ಲಿ 1946ರಲ್ಲಿ ಶುರುವಾಯಿತು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಬಂದದ್ದು 1960ರಲ್ಲಿ, ಅಂದರೆ ಹದಿನಾಲ್ಕು ವರ್ಷ ಕಳೆದ ಮೇಲೆ. ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿ ಆರಂಭವಾಗಿ ಐಟಿಐಗಳು ಬೆಳೆದವು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಐಟಿಐ ಎಂಬುದು ಅಂಕ ಸಾಲದವರ ಜಾಗ ಎಂಬ ಭಾವನೆ ಹೋಗಿಲ್ಲ. ಜ್ಯಾ, ತ್ರಿಜ್ಯ, ಕೇಂದ್ರಾಪಗಾಮಿ ಬಲ ಇವನ್ನೆಲ್ಲ ದಿನವೂ ಕೈಯಲ್ಲಿ ಹಿಡಿಯುವ ಕೆಲಸ ಗಣಿತ ಬಾರದವರ ಕೆಲಸವಾಗುವುದು ಹೇಗೆ ಎಂದು ಯೋಚಿಸಬೇಕು. ಇಂಜಿನಿಯರಿಂಗಿಗೆ ಹೋಗುವ ಹುಡುಗ ಕೂಡ ಒಂದು ರಜೆಯಲ್ಲಿ ಹದಿನೈದು ಬೋಲ್ಟು ಎಣಿಸಿ ಬಂದರೆ ಅವನ ಇಂಜಿನಿಯರಿಂಗಿಗೆ ನಷ್ಟವೇನೂ ಆಗುವುದಿಲ್ಲ.

ಯಂತ್ರಗಳು ಬದಲಾಗುತ್ತಿವೆ. ಈಗ ಉದ್ದ ಬ್ಲೇಡಿನ ಬದಲು ಉರುಳೆಯ ಸುತ್ತ ಸುರುಳಿಯಾಗಿ ಕೂರಿಸಿದ ಚಿಕ್ಕ ಚಿಕ್ಕ ಚೌಕ ಅಲಗುಗಳ ಪ್ಲೇನರು ಬಂದಿದೆ. ಕಾರ್ಬೈಡಿನ ಆ ಅಲಗಿಗೆ ನಾಲ್ಕು ಅಂಚು. ಒಂದು ಮೊಂಡಾದರೆ ಸ್ಕ್ರೂ ಸಡಿಲಿಸಿ ಕಾಲು ಸುತ್ತು ತಿರುಗಿಸಿದರೆ ಹೊಸ ಅಂಚು. ಮೊಳೆ ತಾಗಿದರೆ ತಾಗಿದ ಅಲಗುಗಳನ್ನಷ್ಟೇ ತಿರುಗಿಸಿದರೆ ಸಾಕು. ಕೋಲಿಟ್ಟು ಮಟ್ಟ ನೋಡುವ ಕೆಲಸವಿಲ್ಲ. ಆದರೆ ಅಲಗಿನ ಅಡಿಯಲ್ಲಿ ಹುಡಿಯ ಒಂದು ಕಣ ಉಳಿದರೆ ಅದು ಎದ್ದು ನಿಲ್ಲುತ್ತದೆ. ಹಲಗೆಯ ಮೇಲೆ ಗೆರೆ ಬೀಳುತ್ತದೆ. ಫ್ಯೂಸು ಕೀಳುವುದು, ಕಾಳಿನಷ್ಟೂ ಬಿಡದೆ ತಿಕ್ಕುವುದು, ಪ್ರತಿ ಸ್ಕ್ರೂವನ್ನು ಎಣಿಸುವುದು ತಪ್ಪಿಲ್ಲ. ಎಣಿಸಬೇಕಾದ ಸ್ಕ್ರೂಗಳು ಹೆಚ್ಚಾಗಿವೆ, ಅಷ್ಟೆ.

ಮುಂದೆ ಎಂದಾದರೂ ಬಾಗಿಲಿಗೋ ಮೇಜಿಗೋ ಮರ ಹಿಡಿದುಕೊಂಡು ಮಿಲ್ಲಿಗೆ ಹೋದಾಗ ಮಿಷನ್ ನಿಂತಿದ್ದು, “ಬ್ಲೇಡು ಕೂರಿಸ್ತಿದ್ದೇವೆ, ಒಂದು ಗಂಟೆ ಬಿಟ್ಟು ಬನ್ನಿ” ಎಂಬ ಮಾತು ಕೇಳಿಬಂದರೆ ಸಿಡುಕಬೇಡಿ. ಜೊತೆಗೆ ಮಕ್ಕಳಿದ್ದರೆ ಮನೆಗೆ ಹಿಂದಿರುಗುವ ಅವಸರವೂ ಬೇಡ. ದೂರದಲ್ಲಿ ನಿಂತು ನೋಡಲು ಬಿಡಿ. ಎಣಿಸುತ್ತಿರುವವರನ್ನು ಮಾತ್ರ ನಡ್ವೆ ಮಾತಾಡಿಸಬೇಡಿ.